ಸಪಾಟು ರಸ್ತೆಯಲ್ಲಷ್ಟೇ ಮಿಸ್ ಹೊಡೆಯುತ್ತಿದ್ದ ಅಂಬಾಸಿಡರ್

ಗಾಡಿ 1980ರ ದಶಕದ ನಡುಭಾಗದ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್. ಬ್ರಿಟನ್ನಿನ ಬಿಎಂಸಿ ಕಂಪನಿ ರೂಪಿಸಿದ ಬಿ-ಸೀರೀಸ್ ಎಂಜಿನ್ನು, 1489 ಸಿಸಿ, ನಾಲ್ಕು ಸಿಲಿಂಡರ್, ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ) 1-3-4-2. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ವಿನ್ಯಾಸವನ್ನು ತಂದು ಹಿಂದೂಸ್ತಾನ್ ಮೋಟರ್ಸ್ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೂ ಕಟ್ಟಿದ ಕಾರು ಇದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸ್ಪಾರ್ಕ್ ಯಾವಾಗ ಹಾರಬೇಕೆಂಬುದನ್ನು ನಮ್ಮ ಗ್ಯಾರೇಜುಗಳಲ್ಲಿ ‘ಡೆಲ್ಕೋ’ ಎಂದು ಕರೆಯುವ ಡಿಸ್ಟ್ರಿಬ್ಯೂಟರ್ ಒಂದೇ ನಿರ್ಧರಿಸುತ್ತದೆ.

ಮಾಲೀಕರು ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು. ನನಗೆ ಗಣಿತ ಹೇಳಿಕೊಟ್ಟವರು. ಅವರ ದೂರು ಹೀಗಿತ್ತು: ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆ ದಾಟಿ ಗಾಜನೂರಿನ ಕಡೆ ರಸ್ತೆ ಸಪಾಟಾಯಿತೆಂದರೆ, 50–60ರ ವೇಗದಲ್ಲಿ ಕಾಲನ್ನು ಹಗುರಾಗಿ ಇಟ್ಟುಕೊಂಡು ಹೋಗುವಾಗ, ಎಂಜಿನ್ ಮಿಸ್ ಹೊಡೆಯುತ್ತದೆ, ಅಂದರೆ ಉರಿ ತಪ್ಪಿ ಮುಗ್ಗರಿಸುತ್ತದೆ. ಒಮ್ಮೊಮ್ಮೆ ಸೈಲೆನ್ಸರಿನಲ್ಲಿ ‘ಢಬ್’ ಎಂದು ಸದ್ದು. ಆಕ್ಸಿಲರೇಟರ್ ಒತ್ತಿದರೆ ತಕ್ಷಣ ಸರಿ. ನಿಂತಲ್ಲಿ ಐಡ್ಲಿಂಗ್ ಕೂಡ ಸರಿ. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ಒಂದೇ ಒಂದು ಮಿಸ್ ಇಲ್ಲ. ಆದರೆ ಅಲ್ಲಿ ಇನ್ನೊಂದು ತೊಂದರೆ: ಮೇಲಿನ ಗೇರಿನಲ್ಲಿ ಎಳೆಸಿದರೆ ಎಂಜಿನ್ ಒಳಗಿಂದ ಕಟಕಟ ನಾಕಿಂಗ್.

“ಘಾಟಿ ಹತ್ತಕ್ಕೆ ಅಂಜದ ಗಾಡಿ ಸಪಾಟಲ್ಲಿ ಯಾಕೆ ಮುಗ್ಗರಿಸ್ತದೆ ಮಾರಾಯ?” ಎಂದು ಕೇಳಿದರು ಮೇಷ್ಟ್ರು. ನನ್ನ ಮಟ್ಟಿಗೆ ಈ ಪ್ರಕರಣದ ಅರ್ಧ ಉತ್ತರ ಆ ಪ್ರಶ್ನೆಯಲ್ಲೇ ಇತ್ತು. ಅಲ್ಲಿಯವರೆಗೆ ಗಾಡಿ ನೋಡಿದವರೆಲ್ಲ ‘ಮಿಸ್ ಹೊಡೆಯುತ್ತದೆ’ ಎಂಬ ಮಾತನ್ನು ಕೇಳಿಸಿಕೊಂಡಿದ್ದರು. ‘ಸಪಾಟಲ್ಲಿ’ ಎಂಬುದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಮೊದಲು ಏನೇನು ಮಾಡಿಸಿದ್ದರು

ಮಿಸ್ ಶುರುವಾದದ್ದು ಮಳೆಗಾಲದಲ್ಲಿ. ಮಲೆನಾಡಿನ ಮಳೆಯಲ್ಲಿ ಡೆಲ್ಕೋ ಕ್ಯಾಪಿನೊಳಗೆ ತೇವ ಕೂರುವುದು ಮಾಮೂಲು. ಹಾಗಾಗಿ ಮೊದಲ ಗ್ಯಾರೇಜಿನವರು ಕ್ಯಾಪ್, ರೋಟರ್, ಪ್ಲಗ್ಗಿಗೆ ಹೆಚ್ಚು ವೋಲ್ಟೇಜ್ ಒಯ್ಯುವ ಎಚ್‌ಟಿ ವೈರುಗಳು, ಪ್ಲಗ್ಗುಗಳನ್ನು ಬದಲಿಸಿದರು. ಅನುಮಾನ ತಪ್ಪೇನಲ್ಲ. ಆದರೆ ತೇವದಿಂದ ಬರುವ ಮಿಸ್ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಜೋರಾಗಿದ್ದು, ಎಂಜಿನ್ ಕಾದಂತೆ ಇಳಿಯುತ್ತದೆ. ಇದು ಎಂಜಿನ್ ಕಾದ ಮೇಲೂ ಹಾಗೆಯೇ ಇತ್ತು, ಬೇಸಿಗೆ ಬಂದರೂ ಹೋಗಲಿಲ್ಲ.

ಆಮೇಲೆ ಬ್ಯಾಟರಿಯ ಕರೆಂಟಿನಿಂದ ಸ್ಪಾರ್ಕಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಮತ್ತು ಕಂಡೆನ್ಸರ್ ಹೊಸದಾದವು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಹೊಸ ಕಿಟ್ ಹಾಕಿದ್ದೂ ಆಯಿತು. ನಡುವೆ ಒಬ್ಬ ಮೆಕ್ಯಾನಿಕ್ ಒಂದು ಮುಖ್ಯ ಸಂಗತಿ ಕಂಡುಕೊಂಡಿದ್ದರು: ಡೆಲ್ಕೋಗೆ ಬರುವ ವ್ಯಾಕ್ಯೂಮ್ ಪೈಪನ್ನು ಕಿತ್ತಿಟ್ಟರೆ ಮಿಸ್ ಇಲ್ಲ. ಪೈಪನ್ನು ಕಳಚಿ ಅದರ ಬಾಯಿಗೆ ಬಿರಡೆ ಹಾಕಿ ಗಾಡಿ ಕೊಟ್ಟರು. ಮಿಸ್ ನಿಂತಿತು, ಆದರೆ ಗಾಡಿ ಮಂದವಾಯಿತು, ಪೆಟ್ರೋಲ್ ಜಾಸ್ತಿ ಕುಡಿಯತೊಡಗಿತು. ‘ಪಿಕಪ್ ಇಲ್ಲ’ ಎಂದು ಮೇಷ್ಟ್ರು ಇನ್ನೊಂದು ಕಡೆ ಒಯ್ದರೆ, ಅಲ್ಲಿ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ಕಿವಿಯ ಅಂದಾಜಿನಲ್ಲಿ ಅಡ್ವಾನ್ಸ್ (ಬೇಗ) ಮಾಡಿಕೊಟ್ಟರು. ಗಾಡಿ ಚುರುಕಾಯಿತು, ಘಾಟಿಯಲ್ಲಿ ನಾಕಿಂಗ್ ಶುರುವಾಯಿತು. ಕೊನೆಗೆ ಸರ್ವಿಸ್ ಮಾಡಿದ ಯಾರೋ ಬಿಚ್ಚಿಬಿದ್ದಿದ್ದ ಪೈಪನ್ನು ಕಂಡು ಅದರ ಜಾಗಕ್ಕೆ ಸಿಕ್ಕಿಸಿದರು. ಹೋಗಿದ್ದ ಮಿಸ್ ವಾಪಸ್ ಬಂತು, ನಾಕಿಂಗ್ ಉಳಿಯಿತು. ನನ್ನ ಕೈಗೆ ಗಾಡಿ ಬಂದದ್ದು ಈ ಸ್ಥಿತಿಯಲ್ಲಿ.

ಈ ಚರಿತ್ರೆ ಒಂದೇ ಸಲಕ್ಕೆ ಸಿಗಲಿಲ್ಲ. ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಯಾವ ರಿಪೇರಿಯಾದ ಮೇಲೆ ಯಾವ ಲಕ್ಷಣ ಬದಲಾಯಿತು ಎಂದು ಮೇಷ್ಟ್ರನ್ನು ಕೂರಿಸಿಕೊಂಡು ಬರೆದುಕೊಂಡೆ. ಹಳೆ ಗಾಡಿಯ ವಿಷಯದಲ್ಲಿ ಈ ಕೆಲಸಕ್ಕೆ ಸ್ಪ್ಯಾನರ್ ಹಿಡಿಯುವಷ್ಟೇ ಬೆಲೆ ಇದೆ ಎಂದು ನಾನು ನಂಬಿದ್ದೇನೆ.

ಯಾವಾಗ ಮಿಸ್, ಯಾವಾಗ ಇಲ್ಲ

ಸ್ಪಾರ್ಕ್ ಬಲಹೀನವಾಗಿದ್ದರೆ ಅದು ಮೊದಲು ಸೋಲುವುದು ಲೋಡಿನಲ್ಲಿ. ಆಕ್ಸಿಲರೇಟರ್ ಒತ್ತಿ ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿಗೆ ಹೆಚ್ಚು ಮಿಶ್ರಣ ಬರುತ್ತದೆ, ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಪ್ಲಗ್ ಅಂತರವನ್ನು ದಾಟಲು ಸ್ಪಾರ್ಕಿಗೆ ಹೆಚ್ಚು ವೋಲ್ಟೇಜ್ ಬೇಕು. ಸೋತ ಕಾಯಿಲ್, ಬಿರುಕು ಬಿಟ್ಟ ಕ್ಯಾಪ್, ಸೋರುವ ಎಚ್‌ಟಿ ವೈರ್, ಅಂತರ ಹೆಚ್ಚಾದ ಪ್ಲಗ್ ಎಲ್ಲವೂ ಬಾಯಿಬಿಡುವುದು ಏರಿನಲ್ಲಿ. ಈ ಗಾಡಿ ಏರಿನಲ್ಲಿ ಒಂದೂ ಮಿಸ್ ಇಲ್ಲದೆ ಎಳೆಯುತ್ತಿತ್ತು. ಅಂದರೆ ಬಾನೆಟ್ ತೆಗೆಯುವ ಮೊದಲೇ ಎಚ್‌ಟಿ ಕಡೆಯ ಸಾಮಾನುಗಳು ಬಹುಮಟ್ಟಿಗೆ ನಿರಪರಾಧಿಗಳು. ಬದಲಿಸಿದ್ದು ಬಹುಪಾಲು ಅವುಗಳನ್ನೇ.

ಹಗುರ ಥ್ರಾಟಲ್‌ನಲ್ಲಿ ಮಾತ್ರ ಬರುವ ಮಿಸ್‌ಗೆ ಮುಖ್ಯವಾಗಿ ಎರಡು ಮೂಲ. ಒಂದು, ಮಿಶ್ರಣ ತೆಳುವಾಗಿರುವುದು. ಎರಡು, ವ್ಯಾಕ್ಯೂಮ್ ಅಡ್ವಾನ್ಸ್‌ಗೆ ಸೇರಿದ ಏನೋ ಒಂದು.

ಮೊದಲನೆಯದಕ್ಕೆ ಆಧಾರ ಇಲ್ಲದಿರಲಿಲ್ಲ. ಕೊನೆಯ ಗ್ಯಾರೇಜಿನವರು ‘ಈಗಿನ ಪೆಟ್ರೋಲೇ ಹಂಗೆ ಸಾರ್’ ಎಂದಿದ್ದರಂತೆ. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಶುದ್ಧ ಪೆಟ್ರೋಲಿನ ಒಂದು ಪಾಲು ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕಾದರೆ, ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಸುಮಾರು 13.5 ಸಾಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೆಯ ಜೆಟ್ ಅದೇ ಪ್ರಮಾಣದಲ್ಲಿ ಪೆಟ್ರೋಲ್ ಬಿಟ್ಟರೆ ಮಿಶ್ರಣ ತೆಳುವಾಗುತ್ತದೆ. ಆದರೆ ನಾಕಿಂಗ್‌ಗೆ ಪೆಟ್ರೋಲನ್ನು ದೂರುವಂತಿಲ್ಲ, ಎಥನಾಲ್ ಆಕ್ಟೇನನ್ನು (ನಾಕಿಂಗ್ ತಡೆಯುವ ಗುಣವನ್ನು) ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ.

ಪರೀಕ್ಷೆ ಸುಲಭ. ಗಾಜನೂರಿನ ರಸ್ತೆಯಲ್ಲಿ ಮಿಸ್ ಹೊಡೆಯುತ್ತಿರುವಾಗಲೇ ಚೋಕನ್ನು ಸ್ವಲ್ಪ ಎಳೆಯಬೇಕು. ತೆಳು ಮಿಶ್ರಣ ಕಾರಣವಾಗಿದ್ದರೆ ಪೆಟ್ರೋಲ್ ಹೆಚ್ಚಾದ ಕೂಡಲೇ ಎಂಜಿನ್ ನುಣುಪಾಗಬೇಕು. ಎಳೆದು ನೋಡಿದೆವು, ಏನೂ ಬದಲಾಗಲಿಲ್ಲ. ಮಿಸ್‌ನ ಸ್ವಭಾವವೂ ಬೇರೆಯಾಗಿತ್ತು. ತೆಳು ಮಿಶ್ರಣದ ಎಂಜಿನ್ ತೂಗಾಡುತ್ತದೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ. ಇದು ಸ್ವಿಚ್ ಆರಿಸಿ ಹಚ್ಚಿದಂತೆ ಫಕ್ಕನೆ ಕಡಿದು ಫಕ್ಕನೆ ಹಿಡಿಯುತ್ತಿತ್ತು. ಸೈಲೆನ್ಸರಿನ ‘ಢಬ್’ ಕೂಡ ಅದಕ್ಕೇ ಸಾಕ್ಷಿ: ಸ್ಪಾರ್ಕ್ ಸಿಗದ ಹಸಿ ಮಿಶ್ರಣ ಬಿಸಿ ಪೈಪಿಗೆ ಹೋಗಿ ಅಲ್ಲಿ ಉರಿಯುತ್ತಿತ್ತು.

ವ್ಯಾಕ್ಯೂಮ್ ಅಡ್ವಾನ್ಸ್ ಮಾಡುವುದೇನು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಪ್ರಕರಣದ ತಿರುಳು ಇರುವುದು ಇಲ್ಲೇ.

ಮಿಶ್ರಣಕ್ಕೆ ಕಿಡಿ ತಾಗಿದ ಕ್ಷಣವೇ ಒತ್ತಡ ಹುಟ್ಟುವುದಿಲ್ಲ. ಉರಿ ಹರಡಲು ಒಂದೆರಡು ಮಿಲಿಸೆಕೆಂಡ್ ಬೇಕು. ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗುವಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ 18 ಡಿಗ್ರಿ ಸರಿಯುತ್ತದೆ. ಒತ್ತಡದ ತುದಿ ಪಿಸ್ಟನ್ ತನ್ನ ಮೇಲ್ತುದಿ ಮುಟ್ಟಿ ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ಬರಬೇಕಾದರೆ, ಕಿಡಿ ಅದಕ್ಕಿಂತ ಸಾಕಷ್ಟು ಮೊದಲೇ ಹಾರಿರಬೇಕು. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂದಕ್ಕೆ ತರುವ ಕೆಲಸ ಡೆಲ್ಕೋ ಒಳಗಿನ ಎರಡು ತೂಕದ ತುಂಡುಗಳದ್ದು. ಶಾಫ್ಟ್ ತಿರುಗಿದಷ್ಟೂ ಅವು ಸ್ಪ್ರಿಂಗ್‌ಗಳನ್ನು ಎಳೆದು ಹೊರಕ್ಕೆ ಹರಡಿ, ಪಾಯಿಂಟನ್ನು ತೆರೆಯುವ ಕ್ಯಾಮನ್ನು ಮುಂದಕ್ಕೆ ತಳ್ಳುತ್ತವೆ. ಪಾಯಿಂಟ್ ಎಂದರೆ ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್ಚು.

ಆದರೆ ವೇಗ ಒಂದೇ ಸಾಲದು. ಸಪಾಟು ರಸ್ತೆಯಲ್ಲಿ ಕಾಲು ಹಗುರಾಗಿದ್ದಾಗ ಸಿಲಿಂಡರಿಗೆ ಬರುವ ಮಿಶ್ರಣವೇ ಕಡಿಮೆ. ಹಿಂದಿನ ಸಲದ ಸುಟ್ಟ ಹೊಗೆಯ ಪಾಲು ಅದರಲ್ಲಿ ಹೆಚ್ಚು. ಅದು ನಿಧಾನವಾಗಿ ಉರಿಯುತ್ತದೆ, ಹಾಗಾಗಿ ಇನ್ನೂ ಮೊದಲೇ ಕಿಡಿ ಬೇಕು. ಆ ಹೆಚ್ಚುವರಿ ಅಡ್ವಾನ್ಸ್ ಕೊಡುವುದು ಡೆಲ್ಕೋ ಪಕ್ಕದಲ್ಲಿ ತಟ್ಟೆಯಂತೆ ಕಾಣುವ ವ್ಯಾಕ್ಯೂಮ್ ಯೂನಿಟ್. ಅದರೊಳಗೆ ಡಯಾಫ್ರಮ್ ಇದೆ. ಕಾರ್ಬ್ಯುರೇಟರಿನಲ್ಲಿ ಥ್ರಾಟಲ್ ತಗಡಿನ ಅಂಚಿನ ಹತ್ತಿರವಿರುವ ಸಣ್ಣ ತೂತಿನಿಂದ ಬರುವ ಎಳೆತ ಡಯಾಫ್ರಮನ್ನು ಎಳೆದರೆ, ಅದು ಪಾಯಿಂಟ್ ಕೂತಿರುವ ಬೇಸ್ ಪ್ಲೇಟನ್ನು ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಕೆಲವು ಡಿಗ್ರಿ ಸರಿಸುತ್ತದೆ.

ಐಡ್ಲಿಂಗ್‌ನಲ್ಲಿ ಥ್ರಾಟಲ್ ತಗಡು ಮುಚ್ಚಿರುವುದರಿಂದ ತೂತು ಎಳೆತದಿಂದ ಆಚೆ ಉಳಿಯುತ್ತದೆ, ಪ್ಲೇಟ್ ಅಲುಗುವುದಿಲ್ಲ. ಥ್ರಾಟಲ್ ಚೂರು ತೆರೆದಾಗ ಎಳೆತ ಜೋರು, ಪ್ಲೇಟ್ ಪೂರ್ತಿ ಸರಿಯುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಳೆತ ಬಿದ್ದುಹೋಗುತ್ತದೆ, ಸ್ಪ್ರಿಂಗ್ ಪ್ಲೇಟನ್ನು ಹಿಂದಕ್ಕೆ ತರುತ್ತದೆ.

ಈಗ ಮೇಷ್ಟ್ರ ದೂರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಐಡ್ಲಿಂಗ್ ಸರಿ, ಹಗುರ ಕಾಲಿನಲ್ಲಿ ಮಿಸ್, ಒತ್ತಿದರೆ ಸರಿ, ಘಾಟಿಯಲ್ಲಿ ಸರಿ, ಪೈಪ್ ಕಿತ್ತರೆ ಎಲ್ಲೂ ಮಿಸ್ ಇಲ್ಲ. ಬೇಸ್ ಪ್ಲೇಟ್ ಸರಿದಾಗಲೆಲ್ಲ ಮಿಸ್, ಸರಿಯದಿದ್ದಾಗ ಇಲ್ಲ. ಪೈಪ್ ಕಿತ್ತಿಟ್ಟ ಮೆಕ್ಯಾನಿಕ್ ಸರಿಯಾದ ಬಾಗಿಲಿನವರೆಗೂ ಬಂದಿದ್ದರು. ‘ವ್ಯಾಕ್ಯೂಮ್ ಯೂನಿಟ್ ಹೋಗಿದೆ’ ಎಂದುಕೊಂಡು ಅಲ್ಲಿಂದ ತಿರುಗಿದರು. ಆದರೆ ಹೋಗಿರುವ ಯೂನಿಟ್ ಪ್ಲೇಟನ್ನು ಎಳೆಯುವುದೇ ಇಲ್ಲ, ಅದರಿಂದ ಗಾಡಿ ಮಂದವಾದೀತು, ಫಕ್ಕನೆ ಕಡಿಯುವ ಇಂಥ ಮಿಸ್ ಬರದು. ಇಲ್ಲಿ ಯೂನಿಟ್ ಚೆನ್ನಾಗಿ ಕೆಲಸ ಮಾಡುತ್ತಿದ್ದುದೇ ಮಿಸ್‌ಗೆ ಕಾರಣವಾಗಿತ್ತು.

ಪ್ಲೇಟ್ ಸರಿದಾಗಲೆಲ್ಲ ಬಗ್ಗುವ ವೈರುಗಳು ಎರಡೇ. ಹೊರಗಿನ ಟರ್ಮಿನಲ್‌ನಿಂದ ಪಾಯಿಂಟಿಗೆ ಬರುವ, ಕಡಿಮೆ ವೋಲ್ಟೇಜಿನ ಸಣ್ಣ ಎಲ್‌ಟಿ ವೈರ್ ಒಂದು, ಪ್ಲೇಟನ್ನು ಡೆಲ್ಕೋ ಬಾಡಿಗೆ ಸೇರಿಸುವ ಹೆಣೆದ ತಾಮ್ರದ ಅರ್ತ್ ವೈರ್ ಇನ್ನೊಂದು.

ಅಳತೆಗಳು

ಎಂಜಿನ್ನಿನ ಮೂಲ ಆರೋಗ್ಯ ನೋಡದೆ ಇಗ್ನಿಷನ್‌ಗೆ ಕೈಹಾಕಬಾರದೆಂದು ಮೊದಲು ಕಂಪ್ರೆಷನ್ (ಸಿಲಿಂಡರುಗಳು ಕಟ್ಟುವ ಒತ್ತಡ) ನೋಡಿದೆ. 125, 120, 125, 118 ಪಿಎಸ್‌ಐ. ನಾಲ್ಕರ ನಡುವಿನ ಅಂತರ ಶೇಕಡಾ 10ರ ಒಳಗೆ, ಈ ವಯಸ್ಸಿಗೆ ಸಂತೋಷಪಡುವಂಥದ್ದು. ಟ್ಯಾಪೆಟ್ ಸರಿಯಿತ್ತು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರಿಕೆ ಇರಲಿಲ್ಲ.

ಆಮೇಲೆ ವ್ಯಾಕ್ಯೂಮ್ ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಬಿಚ್ಚಿ, ಅಲ್ಲಿನ ಬಾಯಿ ಮುಚ್ಚಿ, ಡೆಲ್ಕೋ ಕಡೆ ಒಂದು ರಬ್ಬರ್ ಟ್ಯೂಬ್ ಸಿಕ್ಕಿಸಿದೆ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಟ್ಯೂಬನ್ನು ಬಾಯಲ್ಲಿ ಎಳೆದೆ. ಅಡ್ವಾನ್ಸ್ ಹೆಚ್ಚಿ ಎಂಜಿನ್ ಸ್ವಲ್ಪ ವೇಗ ಹಿಡಿಯಬೇಕಿತ್ತು. ಹಿಡಿಯಲು ಹೊರಟು ತೊದಲಿತು. ಇನ್ನೂ ಜೋರಾಗಿ ಎಳೆದಾಗ ಆರಿಯೇ ಹೋಯಿತು. ನಾಲಿಗೆಯಿಂದ ಟ್ಯೂಬಿನ ಬಾಯಿ ಮುಚ್ಚಿ ಹಿಡಿದರೆ ಎಳೆತ ಹಾಗೇ ನಿಂತಿತ್ತು, ಅಂದರೆ ಡಯಾಫ್ರಮ್ ತೂತಾಗಿಲ್ಲ. ಶಿವಮೊಗ್ಗದ ರಸ್ತೆಯ ರೋಗ ಮೇಷ್ಟ್ರ ಮನೆಯಂಗಳದಲ್ಲಿ ಬೇಕೆಂದಾಗ ಬರುವಂತಾಯಿತು. ಮಿಸ್ ಹುಡುಕುವಾಗ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ. ಓಡುವಾಗ ಮಾತ್ರ ಕಾಣುವ ದೋಷವನ್ನು ನಿಂತಲ್ಲಿ ಕರೆಸಿಕೊಳ್ಳಲು ಆದರೆ ಮುಂದಿನದೆಲ್ಲ ಮೀಟರಿನ ಕೆಲಸ.

ಎಂಜಿನ್ ನಿಲ್ಲಿಸಿ, ಕ್ಯಾಪ್ ತೆಗೆದು, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿ ಪಾಯಿಂಟ್ ಮುಚ್ಚಿದ ಸ್ಥಿತಿಗೆ ತಂದೆ. ಇಗ್ನಿಷನ್ ಆನ್. ಮಲ್ಟಿಮೀಟರಿನ ಒಂದು ಕಡ್ಡಿ ಕಾಯಿಲಿನಿಂದ ಡೆಲ್ಕೋಗೆ ಹೋಗುವ ಟರ್ಮಿನಲ್ ಮೇಲೆ, ಇನ್ನೊಂದು ಬ್ಯಾಟರಿಯ ಅರ್ತ್ ಮೇಲೆ. ಪಾಯಿಂಟ್ ಮುಚ್ಚಿದ್ದಾಗ ಇಲ್ಲಿ ಹೆಚ್ಚುಕಡಿಮೆ ಸೊನ್ನೆ ಕಾಣಬೇಕು, 0.2 ವೋಲ್ಟ್ ಆಸುಪಾಸು. ಕಂಡದ್ದು 0.4. ಪಾಯಿಂಟ್ ಸವೆದಿರುವುದರಿಂದ ಅಷ್ಟು ಸಹಜ. ಟ್ಯೂಬನ್ನು ಎಳೆದೆ. ಪ್ಲೇಟ್ ಸರಿಯಿತು, ಮೀಟರ್ ಒಂದೇ ನೆಗೆತಕ್ಕೆ 12.3ಕ್ಕೆ ಹೋಯಿತು. ಬಿಟ್ಟೆ, 0.4. ಎಳೆದೆ, 12.3. ಪಾಯಿಂಟ್ ಮುಚ್ಚಿಯೇ ಇದೆ, ಆದರೂ ದಾರಿ ಕಡಿದಿದೆ.

(ಈ ಪರೀಕ್ಷೆ ಮಾಡುವವರು ಇಗ್ನಿಷನ್ನನ್ನು ಬಹಳ ಹೊತ್ತು ಆನ್ ಇಡಬೇಡಿ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲಿನಲ್ಲಿ ಕರೆಂಟ್ ನಿರಂತರ ಹರಿದು ಅದು ಸುಡುವಷ್ಟು ಬಿಸಿಯಾಗುತ್ತದೆ.)

ಎರಡು ವೈರುಗಳಲ್ಲಿ ಯಾವುದು? ಮೀಟರಿನ ಕಡ್ಡಿಗಳನ್ನು ಬೇಸ್ ಪ್ಲೇಟ್ ಮತ್ತು ಎಂಜಿನ್ ಬ್ಲಾಕ್ ನಡುವೆ ಇಟ್ಟೆ. ಎಳೆದರೂ ಬಿಟ್ಟರೂ ಅಲುಗಾಟವಿಲ್ಲ, ಸೊನ್ನೆಯ ಹತ್ತಿರವೇ. ಅರ್ತ್ ವೈರಿನ ಕೆಲವು ಎಳೆ ಬಿಟ್ಟುಕೊಂಡಿದ್ದರೂ ಜೀವ ಇತ್ತು. ಉಳಿದದ್ದು ಎಲ್‌ಟಿ ವೈರ್.

ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದರೆ ಹೊರಗಿನಿಂದ ಒಂದು ಗೀರೂ ಇಲ್ಲ. ಬೆರಳಲ್ಲಿ ನೀವಿ ಬಗ್ಗಿಸಿದಾಗ ಒಂದು ಕಡೆ ಮಾತ್ರ ಮೆತ್ತಗೆ, ಒಳಗೆ ಏನೂ ಇಲ್ಲದಂತೆ ಮಡಚಿಕೊಂಡಿತು. ಬ್ಲೇಡಿನಿಂದ ಸೀಳಿ ನೋಡಿದರೆ ತಾಮ್ರದ ಎಳೆಗಳೆಲ್ಲ ತುಂಡಾಗಿ, ತುದಿಗೆ ತುದಿ ತಾಗಿಕೊಂಡು ಕೂತಿದ್ದವು. ಪ್ಲೇಟ್ ಹಿಂದಿದ್ದಾಗ ತಾಗುತ್ತಿದ್ದವು, ಮುಂದೆ ಸರಿದಾಗ ಬೇರೆಯಾಗುತ್ತಿದ್ದವು. ಇದು ಡೆಲ್ಕೋ ಜೊತೆ ಬಂದ ಮೂಲ ವೈರ್ ಆಗಿರಲಿಲ್ಲ. ಯಾವ ಕಾಲದಲ್ಲೋ ಯಾರೋ ಸಾಮಾನ್ಯ ವೈರಿಂಗಿಗೆ ಬಳಸುವ ದಪ್ಪ ಎಳೆಯ, ಗಟ್ಟಿ ಪಿವಿಸಿ ಹೊದಿಕೆಯ ವೈರನ್ನು ಗಿಡ್ಡವಾಗಿ ಕತ್ತರಿಸಿ ಹಾಕಿದ್ದರು. ಮೂಲ ವೈರ್ ಕೂದಲಿನಷ್ಟು ಸಣ್ಣ ಎಳೆಗಳಿಂದ ಮಾಡಿದ್ದು. ಥ್ರಾಟಲ್ ಬದಲಾದಾಗಲೆಲ್ಲ ಬಗ್ಗುವ ಜಾಗ ಅದು, ಅಲ್ಲಿ ಗಟ್ಟಿ ವೈರ್ ಬಹುಕಾಲ ಬಾಳುವುದಿಲ್ಲ. ಕಾಯಿಲ್‌ನಿಂದ ಪ್ಲಗ್‌ವರೆಗೆ ಎಲ್ಲವನ್ನೂ ಹೊಸದಾಗಿಸಿದರೂ ಮಿಸ್ ಹೋಗದಿರಲು ಇಷ್ಟು ಚಿಕ್ಕ ತುಂಡು ಕಾರಣವಾಗಿತ್ತು.

ಸಿಲಿಕಾನ್ ಹೊದಿಕೆಯ, ಸಣ್ಣ ಎಳೆಗಳ ಮೆದು ವೈರ್ ತಂದು ಟರ್ಮಿನಲ್‌ಗಳಿಗೆ ಬೆಸುಗೆ ಹಾಕಿದೆ. ಪ್ಲೇಟ್ ಪೂರ್ತಿ ಸರಿದಾಗಲೂ ಬಿಗಿಯಾಗದಷ್ಟು ಸಡಿಲ ಬಿಟ್ಟು, ಆ ಸಡಿಲು ಕ್ಯಾಮಿಗಾಗಲೀ ರೋಟರಿಗಾಗಲೀ ತಾಗದಂತೆ ಬಾಗಿಸಿ ಕೂರಿಸಿದೆ. ಅರ್ತ್ ವೈರನ್ನೂ ಬದಲಿಸಿದೆ. ಟ್ಯೂಬ್ ಎಳೆದಾಗ ಎಂಜಿನ್ ತೊದಲದೆ ವೇಗ ಏರಿಸಿಕೊಂಡಿತು.

ಟೈಮಿಂಗ್

ಮಿಸ್ ಹೋಯಿತು, ನಾಕಿಂಗ್ ಉಳಿದಿತ್ತು. ಅದರ ಮೂಲ ಚರಿತ್ರೆಯಿಂದಲೇ ಗೊತ್ತಿತ್ತು: ವ್ಯಾಕ್ಯೂಮ್ ಪೈಪ್ ಇಲ್ಲದೆ ಮಂದವಾದ ಗಾಡಿಗೆ ಚುರುಕು ತರಲು ಇಡೀ ಟೈಮಿಂಗನ್ನೇ ಅಡ್ವಾನ್ಸ್ ಮಾಡಿದ್ದರು. ಹಗುರ ಕಾಲಿಗೆ ಮಾತ್ರ ಬೇಕಾದ ಅಡ್ವಾನ್ಸನ್ನು ಎಲ್ಲ ಸ್ಥಿತಿಗೂ ಹಂಚಿದ ಹಾಗಾಯಿತು. ಘಾಟಿಯಲ್ಲಿ ಪೂರ್ತಿ ಲೋಡಿನಲ್ಲಿ, ಕಡಿಮೆ ವೇಗದಲ್ಲಿ, ಅಷ್ಟು ಬೇಗ ಕಿಡಿ ಹಾರಿದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಹುಟ್ಟಿ, ಉರಿ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಕೇಳಿಸುವ ಕಟಕಟ ಅದೇ. ಬಿಟ್ಟರೆ ಪಿಸ್ಟನ್ ಮತ್ತು ಹೆಡ್ ಗ್ಯಾಸ್ಕೆಟ್‌ಗೆ ಪೆಟ್ಟು.

ಇಲ್ಲಿ ಒಂದು ಕ್ರಮ ತಪ್ಪಬಾರದು: ಪಾಯಿಂಟ್ ಅಂತರ ಮೊದಲು, ಟೈಮಿಂಗ್ ಆಮೇಲೆ. ಅಂತರ ಕಡಿಮೆಯಿದ್ದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿ ತಡವಾಗುತ್ತದೆ. ಅಂತರ ಹೆಚ್ಚಿದರೆ ಬೇಗ. ಪಾಯಿಂಟ್ ಮುಚ್ಚಿರುವ ಕೋನವನ್ನು ಡ್ವೆಲ್ ಎನ್ನುತ್ತಾರೆ. ಡ್ವೆಲ್ ಒಂದು ಡಿಗ್ರಿ ಬದಲಾದರೆ ಟೈಮಿಂಗ್ ಕ್ರ್ಯಾಂಕ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಡಿಗ್ರಿ ಎದುರು ದಿಕ್ಕಿಗೆ ಸರಿಯುತ್ತದೆ. ಟೈಮಿಂಗ್ ಕೊಟ್ಟ ಮೇಲೆ ಪಾಯಿಂಟ್ ಮುಟ್ಟಿದರೆ ಕೊಟ್ಟ ಟೈಮಿಂಗ್ ಹೋಯಿತು.

ಈ ಮಾದರಿಯ ಲೂಕಾಸ್ ಡಿಸ್ಟ್ರಿಬ್ಯೂಟರ್‌ಗೆ ಅಂತರ 0.35ರಿಂದ 0.40 ಮಿಲಿಮೀಟರ್, ಡ್ವೆಲ್ ಸುಮಾರು 60 ಡಿಗ್ರಿ. ಮೀಟರ್ 64 ತೋರಿಸಿತು. ಫೀಲರ್ ಗೇಜ್ ಮಾತ್ರ 0.38 ಸರಿಯಾಗಿ ಹೋಗುತ್ತಿತ್ತು, ಎರಡೂ ಒಪ್ಪುತ್ತಿರಲಿಲ್ಲ. ಸವೆದ ಪಾಯಿಂಟಿನಲ್ಲಿ ಗೇಜ್ ಅಂತರವನ್ನು ನಿಜಕ್ಕಿಂತ ಕಡಿಮೆ ತೋರಿಸುವುದು ವಾಡಿಕೆ, ಏಕೆಂದರೆ ಒಂದು ಮುಖದಲ್ಲಿ ಗುಬುಟು, ಇನ್ನೊಂದರಲ್ಲಿ ಗುಳಿ ಆಗಿರುತ್ತದೆ, ಗೇಜಿನ ತಗಡು ಗುಬುಟಿಗೆ ತಾಗಿ ನಿಲ್ಲುತ್ತದೆ. ಇಲ್ಲಿ ವ್ಯತ್ಯಾಸ ತಿರುಗುಮುರುಗಾಗಿತ್ತು. ನಿಂತಾಗ ಇರುವ ಅಂತರ ಓಡುವಾಗ ಇರುತ್ತಿರಲಿಲ್ಲ. ಬೆರಳಿನಿಂದ ರೋಟರನ್ನು ಅಡ್ಡಕ್ಕೆ ಅಲುಗಿಸಿದಾಗ ಕಾರಣ ಸಿಕ್ಕಿತು. ಶಾಫ್ಟ್ 0.1 ಮಿಲಿಮೀಟರಿಗೂ ಮೀರಿ ಆಡುತ್ತಿತ್ತು. ಕೇಳಲು ಏನೂ ಅಲ್ಲದ ಆಟ, ಆದರೆ 0.38ರ ಅಂತರಕ್ಕೆ ಅದು ಕಾಲುಭಾಗಕ್ಕಿಂತ ಹೆಚ್ಚು. ಸ್ಪಾರ್ಕ್ ಹಾರಿದಾಗಲೆಲ್ಲ ಮಿನುಗುವ ಸ್ಟ್ರೋಬ್ ದೀಪ ಹಿಡಿದು ನೋಡಿದಾಗ ಪುಲ್ಲಿಯ ಗುರುತು ಒಂದೆಡೆ ನಿಲ್ಲದೆ ನಾಲ್ಕೈದು ಡಿಗ್ರಿ ಅಗಲಕ್ಕೆ ಅದುರುತ್ತಿತ್ತು. ನಾಲ್ಕು ಸಿಲಿಂಡರ್‌ಗೆ ನಾಲ್ಕು ಬಗೆಯ ಟೈಮಿಂಗ್. ಅಂಥ ಡೆಲ್ಕೋವನ್ನು ಎಷ್ಟು ಜಾಣತನದಿಂದ ತಿರುಗಿಸಿ ಬಿಗಿದರೂ ಟೈಮಿಂಗ್ ನಿಲ್ಲುವುದಿಲ್ಲ. ಸರಾಸರಿ ನೋಡಿದರೆ ಗಾಡಿಯ ಸರ್ವಿಸ್ ಪುಸ್ತಕದ ಮಟ್ಟಕ್ಕಿಂತ 5 ಡಿಗ್ರಿ ಮುಂದಿತ್ತು.

ಸ್ಟ್ರೋಬ್ ಬಳಸುವವರಿಗೆ ಒಂದು ಮಾತು. ಈ ಗಾಡಿಯ ಫ್ಯಾನ್ ಬೆಲ್ಟಿನಲ್ಲಿ ತಿರುಗುವಂಥದ್ದು. ದೀಪದ ಬೆಳಕಿನಲ್ಲಿ ಅದರ ರೆಕ್ಕೆಗಳು ನಿಂತಂತೆಯೇ ಕಾಣುತ್ತವೆ. ಕೈ, ಶರ್ಟಿನ ತೋಳು, ದೀಪದ ವೈರು ಅತ್ತ ಸುಳಿಯಬಾರದು.

ಗುರುತನ್ನೂ ಕಣ್ಣುಮುಚ್ಚಿ ನಂಬಲಿಲ್ಲ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಪಿಸ್ಟನ್ ತಡೆಯುವ ಬೋಲ್ಟ್ ಹಾಕಿ, ಹ್ಯಾಂಡಲ್‌ನಲ್ಲಿ ಎರಡೂ ದಿಕ್ಕಿಗೆ ಮೆಲ್ಲಗೆ ತಿರುಗಿಸಿ, ತಡೆದ ಎರಡು ಜಾಗಗಳ ನಡುಬಿಂದು ಗುರುತಿಸಿದೆ. ಪುಲ್ಲಿಯ ಟಿಡಿಸಿ (ಪಿಸ್ಟನ್ ಮೇಲ್ತುದಿ ಮುಟ್ಟುವ ಜಾಗ) ಗುರುತು ಅದಕ್ಕೆ ಸರಿಹೊಂದಿತು.

ಡೆಲ್ಕೋ ಬಿಚ್ಚಿ ಶಿವಮೊಗ್ಗದ ಒಂದು ಲೇತ್ ಅಂಗಡಿಗೆ ಒಯ್ದೆವು. ಶಾಫ್ಟ್ ತಿರುಗುವ ಹಳೆ ಬುಷ್ ತೆಗೆದು, ಎಣ್ಣೆ ಹೀರಿಕೊಳ್ಳುವ ಕಂಚಿನ ಹೊಸ ಬುಷ್ ಕೂರಿಸಿ, ಶಾಫ್ಟಿನ ಅಳತೆಗೆ ರೀಮರ್ ಹೊಡೆದುಕೊಟ್ಟರು. ಬುಷ್ಷನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಹಾಕಿಯೇ ಕೂರಿಸಬೇಕು. ಬಿಚ್ಚಿದಾಗ ತೂಕದ ತುಂಡುಗಳ ಸ್ಪ್ರಿಂಗ್ ಕಂಡು ಅಂಗಡಿಯವರು, “ಇದೊಂದು ಲೂಸಾಗಿದೆ ಸಾರ್, ಬದ್ಲಾಯಿಸ್ಲಾ?” ಎಂದು ಕೇಳಿದರು. ಬೇಡವೆಂದೆ. ಎರಡರಲ್ಲಿ ಒಂದು ಸ್ಪ್ರಿಂಗ್ ದಪ್ಪ, ಅದರ ಕೊಕ್ಕೆ ಉದ್ದವಾಗಿದ್ದು ನಿಂತಾಗ ಸಡಿಲವಾಗಿಯೇ ಇರುತ್ತದೆ. ವೇಗ ಒಂದು ಮಟ್ಟ ದಾಟಿದ ಮೇಲಷ್ಟೇ ಅದು ಹಿಡಿತಕ್ಕೆ ಬಂದು ಅಡ್ವಾನ್ಸ್ ಏರುವ ಗತಿಯನ್ನು ತಗ್ಗಿಸಬೇಕು, ವಿನ್ಯಾಸವೇ ಹಾಗೆ. ಅದನ್ನು ಬಿಗಿ ಮಾಡಿ ಕೆಡಿಸಿದ ಡೆಲ್ಕೋಗಳು ನಮ್ಮಲ್ಲಿ ಬೇಕಾದಷ್ಟಿವೆ.

ಶಾಫ್ಟಿನ ಕೆಳತುದಿಯ ಕಚ್ಚು ನಡುವಿನಿಂದ ಸ್ವಲ್ಪ ಪಕ್ಕಕ್ಕಿರುವುದರಿಂದ ಡೆಲ್ಕೋ ಒಂದೇ ರೀತಿಯಲ್ಲಿ ಕೂರುತ್ತದೆ, ತಿರುಗುಮುರುಗಾಗುವ ಭಯವಿಲ್ಲ. ಹೊಸ ಪಾಯಿಂಟ್ ಹಾಕಿ ಡ್ವೆಲ್ 60ಕ್ಕೆ ತಂದೆ. ಡ್ವೆಲ್ 4 ಡಿಗ್ರಿ ಇಳಿದದ್ದಕ್ಕೆ ಲೆಕ್ಕದಂತೆಯೇ ಟೈಮಿಂಗ್ ಇನ್ನೂ 4 ಡಿಗ್ರಿ ಮುಂದೆ ಹೋಗಿ, 5 ಇದ್ದದ್ದು 9 ಆಯಿತು. ಈಗ ಗುರುತು ಅದುರದೆ ಒಂದೇ ಜಾಗದಲ್ಲಿ ನಿಂತಿತ್ತು. ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ, ಐಡ್ಲಿಂಗ್‌ನಲ್ಲಿ, ಡೆಲ್ಕೋ ಬಾಡಿಯನ್ನು ರೋಟರ್ ತಿರುಗುವ ದಿಕ್ಕಿಗೇ ಸ್ವಲ್ಪಸ್ವಲ್ಪ ತಿರುಗಿಸಿ ಪುಸ್ತಕದ ಮಟ್ಟಕ್ಕೆ ತಂದು ಬಿಗಿದೆ. ಆ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್ (ಕಿಡಿ ತಡ), ಎದುರು ದಿಕ್ಕಿಗೆ ಅಡ್ವಾನ್ಸ್. ವೇಗ ಏರಿಸಿದಾಗ ಗುರುತು ನಿಧಾನವಾಗಿ ಮುಂದೆ ಸರಿಯಿತು, ಇಳಿಸಿದಾಗ ವಾಪಸ್ ಬಂತು. ಪೈಪ್ ಹಾಕಿ ಥ್ರಾಟಲ್ ಚೂರು ತೆರೆದಾಗ ಇನ್ನಷ್ಟು ಸರಿಯಿತು.

ಎಲೆಕ್ಟ್ರಾನಿಕ್ ಕಿಟ್ ಯಾಕೆ ಹಾಕಲಿಲ್ಲ ಎಂದು ಹಲವರು ಕೇಳಿದ್ದಾರೆ. ಪಾಯಿಂಟ್ ಬದಲು ಡೆಲ್ಕೋ ಒಳಗೆ ಕೂರುವ ಮಾಡ್ಯೂಲ್‌ಗಳು ಸಿಗುತ್ತವೆ, ಪಾಯಿಂಟ್ ಸವೆತದ ಕಾಟ ಅವುಗಳಲ್ಲಿಲ್ಲ. ನನಗೆ ಅವುಗಳ ಮೇಲೆ ದ್ವೇಷವಿಲ್ಲ. ಆದರೆ ಮಾಡ್ಯೂಲ್ ಕೂರುವುದೂ ಅದೇ ಸರಿಯುವ ಪ್ಲೇಟಿನ ಮೇಲೆ, ಅದರ ವೈರುಗಳೂ ಅದೇ ರೀತಿ ಬಗ್ಗುತ್ತವೆ. ಸವೆದ ಬುಷ್ಷನ್ನು ಅದು ಸರಿಮಾಡದು. ಮೇಷ್ಟ್ರ ಲೆಕ್ಕಾಚಾರ ಇನ್ನೂ ಸ್ಪಷ್ಟವಾಗಿತ್ತು: “ಆಗುಂಬೆ ಮಳೆಯಾಗೆ ಗಾಡಿ ನಿಂತ್ರೆ ಪಾಯಿಂಟಾದ್ರೆ ಉಜ್ಜಿ ಮನೆಗೆ ಬರ್ಬೌದು. ಆ ಡಬ್ಬಿ ಹೋದ್ರೆ ಯಾರನ್ನ ಕರೀಲಿ?” ಒಂದು ಜೊತೆ ಹೊಸ ಪಾಯಿಂಟ್ ಮತ್ತು ಹಳೆಯದಾದರೂ ಕೆಲಸ ಮಾಡುವ ಕಂಡೆನ್ಸರ್ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.

ಆಮೇಲೆ

ಗಾಜನೂರಿನ ರಸ್ತೆಯಲ್ಲಿ 40ರಿಂದ 70ರವರೆಗೆ ಎಲ್ಲ ವೇಗದಲ್ಲೂ ಕಾಲು ಹಗುರಾಗಿಟ್ಟು ಓಡಿಸಿದೆವು, ಮಿಸ್ ಇರಲಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ ಮೇಷ್ಟ್ರು ಬೇಕೆಂದೇ ಮೇಲಿನ ಗೇರಿನಲ್ಲಿ ಎಳೆಸಿ ನೋಡಿದರು. ಎಂಜಿನ್ ಏದುಸಿರು ಬಿಟ್ಟಿತು, ಕಟಕಟ ಎನ್ನಲಿಲ್ಲ. ಮೇಲೆ ತಲುಪಿ ತಣಿದ ಮೇಲೆ ಪ್ಲಗ್ ಬಿಚ್ಚಿದರೆ ನಾಲ್ಕೂ ಒಂದೇ ತಿಳಿಗಂದು ಬಣ್ಣ. ಟೈಮಿಂಗ್ ಚದುರುತ್ತಿದ್ದಾಗ ಎರಡು ಕಪ್ಪಗೆ, ಎರಡು ಬೆಳ್ಳಗೆ ಇದ್ದವು.

ಹೊಸ ಪಾಯಿಂಟಿನ ಹಿಮ್ಮಡಿ, ಅಂದರೆ ಕ್ಯಾಮಿಗೆ ಉಜ್ಜುವ ಭಾಗ, ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ಬೇಗ ಸವೆದು ಒಗ್ಗಿಕೊಳ್ಳುತ್ತದೆ, ಅಂತರ ಕಡಿಮೆಯಾಗುತ್ತದೆ. ಹಾಗಾಗಿ ಕ್ಯಾಮಿಗೆ ತೆಳುವಾಗಿ ಗ್ರೀಸ್ ಸವರಿ, ರೋಟರ್ ಕೆಳಗೆ ಎರಡು ಹನಿ ಎಣ್ಣೆ ಬಿಟ್ಟು, ಸ್ವಲ್ಪ ಓಡಿಸಿದ ಮೇಲೆ ಗಾಡಿ ಮತ್ತೆ ತರುವಂತೆ ಹೇಳಿದ್ದೆ. ತಂದರು. ಡ್ವೆಲ್ 62ಕ್ಕೆ ಏರಿತ್ತು, ಟೈಮಿಂಗ್ 2 ಡಿಗ್ರಿ ಹಿಂದೆ ಬಿದ್ದಿತ್ತು. ಪಾಯಿಂಟ್ ಅಂತರ ಮಾತ್ರ ಸರಿಪಡಿಸಿದೆ. ಡೆಲ್ಕೋ ಮುಟ್ಟುವ ಅಗತ್ಯ ಬೀಳಲಿಲ್ಲ, ಡ್ವೆಲ್ 60ಕ್ಕೆ ಬಂದ ಕೂಡಲೇ ಗುರುತು ತನ್ನ ಜಾಗಕ್ಕೆ ಬಂತು.